ಪಕ್ಕದ ಮೇಜಿನವರಿಗೆ ಬಾಯಿ ಬಂದದ್ದು ಹೇಗೆ

ಟೊರೊಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಕೋಣೆಯಲ್ಲಿ ಮೂವರು. ಒಬ್ಬ ಕಪ್ಪು ವರ್ಣೀಯ, ಒಬ್ಬ ಬಿಳಿಯ. ಮೂರನೆಯವರು ಪ್ರಯೋಗಕ್ಕೆಂದು ಬಂದ ವಿದ್ಯಾರ್ಥಿ. ಮೊದಲ ಇಬ್ಬರೂ ಸಂಶೋಧಕರ ಕಡೆಯವರೇ, ವಿದ್ಯಾರ್ಥಿಗೆ ಅದು ಗೊತ್ತಿಲ್ಲ. ಕಪ್ಪು ವರ್ಣೀಯ ಎದ್ದು ಹೊರಗೆ ಹೋಗುವಾಗ ಬಿಳಿಯನ ಮೊಣಕಾಲಿಗೆ ಸ್ವಲ್ಪ ತಾಗುತ್ತಾನೆ. ಅವನು ಬಾಗಿಲು ದಾಟಿದ ಮೇಲೆ ಬಿಳಿಯ ಅವನ ಬಣ್ಣ ಹಿಡಿದು ಹೊಲಸಾಗಿ ಬೈಯುತ್ತಾನೆ. ಆಮೇಲೆ ವಿದ್ಯಾರ್ಥಿಗೆ ಒಂದು ಪ್ರಶ್ನೆ: ಮುಂದಿನ ಕೆಲಸಕ್ಕೆ ಈ ಇಬ್ಬರಲ್ಲಿ ಯಾರು ಜೊತೆಗಾರರಾಗಬೇಕು?

ಅರ್ಧಕ್ಕಿಂತ ಜಾಸ್ತಿ ಮಂದಿ ಬೈದವನನ್ನೇ ಆರಿಸಿಕೊಂಡರು. ಇದೇ ಘಟನೆಯನ್ನು ಸುಮ್ನೆ ಓದಿದವರು ಅಥವಾ ವಿಡಿಯೊದಲ್ಲಿ ನೋಡಿದವರು ಮಾತ್ರ ಬೇರೆ ಉತ್ತರ ಕೊಟ್ಟಿದ್ದರು. ತಮಗೆ ತುಂಬ ಬೇಜಾರಾಗುತ್ತಿತ್ತು, ಅಂಥವನ ಪಕ್ಕ ಕೂರುತ್ತಿರಲಿಲ್ಲ ಎಂದು ಹೆಚ್ಚಿನವರು ಹೇಳಿದ್ದರು. ಕೆರಿ ಕವಕಾಮಿ ಮತ್ತು ಸಂಗಡಿಗರ ಈ ಅಧ್ಯಯನ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದರಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳು ಕೆಟ್ಟವರೇನಲ್ಲ. ನಾವು ಹೀಗೆ ಮಾಡುತ್ತೇವೆ ಅಂದುಕೊಳ್ಳುವುದಕ್ಕೂ ಆ ಕ್ಷಣದಲ್ಲಿ ಮಾಡುವುದಕ್ಕೂ ಅಷ್ಟು ದೂರ, ಅಷ್ಟೇ.

ಈ ದೂರವನ್ನು ಕಡಿಮೆ ಮಾಡುವ ಕಸರತ್ತಿಗೇ ಈಗ ಕಂಪನಿಗಳು 'ಬೈಸ್ಟ್ಯಾಂಡರ್ ಟ್ರೈನಿಂಗ್' ಅನ್ನುತ್ತವೆ. ಬೈದವರಿಗಲ್ಲ, ಬೈಸಿಕೊಂಡವರಿಗೂ ಅಲ್ಲ, ಪಕ್ಕದಲ್ಲಿದ್ದು ಕೇಳಿಸಿಕೊಂಡವರಿಗೆ ಪಾಠ. ಇದರ ಬೇರು ಹುಡುಕುತ್ತಾ ಹೋದರೆ 1964ರ ಅಮೆರಿಕ ಸಿಗುತ್ತದೆ. ಆ ವರ್ಷ ಎರಡು ಬೇರೆ ಬೇರೆ ಕಥೆಗಳು ಶುರುವಾದವು. ಎರಡೂ ಒಂದೆಡೆ ಸೇರಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಮೊದಲನೆಯದು ಮಾರ್ಚ್ ತಿಂಗಳದು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜೆನೋವಿಸ್ ಎಂಬ ಯುವತಿಯ ಕೊಲೆಯಾಯಿತು. ಮೂವತ್ತಕ್ಕೂ ಹೆಚ್ಚು ಜನ ಕಿಟಕಿಯಿಂದ ನೋಡುತ್ತಾ ನಿಂತರು, ಯಾರೂ ಪೊಲೀಸರನ್ನು ಕರೆಯಲಿಲ್ಲ ಎಂದು 'ನ್ಯೂಯಾರ್ಕ್ ಟೈಮ್ಸ್' ಬರೆಯಿತು. ಆ ವರದಿ ಬಹುಪಾಲು ಉತ್ಪ್ರೇಕ್ಷೆ ಎಂದು ಆಮೇಲೆ ಗೊತ್ತಾಯಿತು, 2016ರಲ್ಲಿ ಪತ್ರಿಕೆಯೇ ಒಪ್ಪಿಕೊಂಡಿತು. ಅಷ್ಟರಲ್ಲಿ ಕಥೆ ಎಲ್ಲ ಪಠ್ಯಪುಸ್ತಕ ಸೇರಿಯಾಗಿತ್ತು. ಮಜಾ ಏನಂದರೆ, ತಪ್ಪು ವರದಿಯಿಂದ ಒಳ್ಳೆಯ ಪ್ರಶ್ನೆಯೊಂದು ಹುಟ್ಟಿತು.

ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಆ ಪ್ರಶ್ನೆ ಎತ್ತಿಕೊಂಡರು. 1968ರ ಅವರ ಪ್ರಯೋಗದಲ್ಲಿ ಜನ ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿರುತ್ತಾರೆ. ಗೋಡೆಯ ಸಂದಿಯಿಂದ ಹೊಗೆ ಬರುತ್ತದೆ. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಕೂತ ಇಬ್ಬರು ನಟರ ಜೊತೆ ಬಿಟ್ಟಾಗ ಎದ್ದವರು ನೂರಕ್ಕೆ 10 ಮಾತ್ರ. ಉಳಿದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಅರ್ಜಿ ತುಂಬಿದರು! ಅವರು ನೋಡುತ್ತಿದ್ದುದು ಹೊಗೆಯನ್ನಲ್ಲ, ಪಕ್ಕದವರ ಮುಖವನ್ನು. ಅವರು ಆರಾಮಾಗಿದ್ದಾರೆ, ಅಂದರೆ ಏನೂ ಇಲ್ಲ. ಪಕ್ಕದವರೂ ಇವರ ಮುಖ ನೋಡಿ ಹಾಗೇ ಅಂದುಕೊಳ್ಳಬಹುದು ಎಂದು ಹೊಳೆಯುವುದೇ ಇಲ್ಲ.

ಎರಡನೆಯ ಕಥೆ ಜುಲೈ ತಿಂಗಳದು. ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಅದರ ಏಳನೇ ಅಧ್ಯಾಯ ಕೆಲಸದ ಜಾಗದಲ್ಲಿ ಬಣ್ಣ, ಜನಾಂಗ, ಧರ್ಮ, ಲಿಂಗ, ಮೂಲ ದೇಶ ನೋಡಿ ತಾರತಮ್ಯ ಮಾಡುವಂತಿಲ್ಲ ಎಂದಿತು. ಮರುವರ್ಷ ಇದನ್ನು ನೋಡಿಕೊಳ್ಳಲು ಸಮಾನ ಉದ್ಯೋಗಾವಕಾಶ ಆಯೋಗ ಕೆಲಸ ಶುರುಮಾಡಿತು.

ಕಾಯ್ದೆಯ ಕಣ್ಣಿಗೆ ಕಂಡದ್ದು ತೊಂದರೆ ಕೊಟ್ಟವರು, ತೊಂದರೆ ಅನುಭವಿಸಿದವರು ಮತ್ತು ಸಂಬಳ ಕೊಡುವ ಕಂಪನಿ. ಪಕ್ಕದ ಮೇಜಿನವರು ಅದರಲ್ಲಿ ಇರಲೇ ಇಲ್ಲ. ಒಂದು ಮೊಕದ್ದಮೆ ಮಾತ್ರ ಅವರ ಹತ್ತಿರ ಸುಳಿದು ಹೋಯಿತು. ಟೆಕ್ಸಸ್‌ನಲ್ಲಿ ಕನ್ನಡಕ ಮಾಡಿಕೊಡುವ ಸಂಸ್ಥೆಯೊಂದರ ಉದ್ಯೋಗಿ ಕೊಟ್ಟ ದೂರು ಅದು. ಆಕೆ ಸ್ಪ್ಯಾನಿಷ್ ಮೂಲದವರು. ಸಂಸ್ಥೆಯವರು ಮೂಲ ನೋಡಿ ಗಿರಾಕಿಗಳನ್ನು ಬೇರೆ ಬೇರೆ ಕೂರಿಸುತ್ತಿದ್ದಾರೆ ಅನ್ನುವುದೂ ಆ ದೂರಿನಲ್ಲಿತ್ತು. ಗಿರಾಕಿಗಳಿಗೆ ಆದದ್ದಕ್ಕೂ ನಿಮಗೂ ಏನು ಸಂಬಂಧ ಅನ್ನುವುದು ಸಹಜ ಪ್ರಶ್ನೆ ಅಲ್ವಾ? 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಸಂಬಂಧ ಇರಬಹುದು ಎಂದಿತು. ಕೆಲಸದ ವಾತಾವರಣವೇ ವಿಷವಾದರೆ ಅದೂ ತಾರತಮ್ಯವೇ ಆಗಬಹುದು. 'ಪ್ರತಿಕೂಲ ವಾತಾವರಣ' ಎಂಬ ಕಾನೂನಿನ ಮಾತು ಬೆಳೆದದ್ದು ಇಲ್ಲಿಂದ.

ಮುಂದೆ ಅದು ವಕೀಲರ ಕೈಗೆ ಹೋಯಿತು. 1998ರಲ್ಲಿ ಲೈಂಗಿಕ ಕಿರುಕುಳದ ಎರಡು ಪ್ರಕರಣಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಿರುಕುಳ ತಡೆಯಲು ಸರಿಯಾದ ಕ್ರಮ ಕೈಗೊಂಡಿದ್ದನ್ನು ಕಂಪನಿ ತನ್ನ ಸಮರ್ಥನೆಗೆ ಬಳಸಬಹುದು ಎಂದಿತು. ಆಮೇಲೆ ಕೇಳಬೇಕೇ? ಎಲ್ಲೆಡೆ ಟ್ರೈನಿಂಗ್. ಸ್ಲೈಡ್ ನೋಡು, ಸರಿ ಉತ್ತರ ಒತ್ತು, ಸರ್ಟಿಫಿಕೇಟ್ ತಗೋ.

ಅತ್ತ ಮೊದಲ ಕಥೆ ಸುತ್ತು ಹಾಕುತ್ತಿತ್ತು. ಎರ್ವಿನ್ ಸ್ಟೌಬ್ ಎಂಬ ಮನಶ್ಶಾಸ್ತ್ರಜ್ಞ ಹುಟ್ಟಿದ್ದು ಹಂಗೆರಿಯ ಯಹೂದಿ ಕುಟುಂಬದಲ್ಲಿ. ನಾಜಿಗಳ ಕಾಲದಲ್ಲಿ ಅವರ ಮನೆಯವರು ಉಳಿದದ್ದು ಸ್ವೀಡನ್ನಿನ ರಾಜತಾಂತ್ರಿಕ ರೌಲ್ ವಾಲೆನ್‌ಬರ್ಗ್ ಕೊಟ್ಟ ರಕ್ಷಣಾ ಪತ್ರಗಳಿಂದ ಮತ್ತು ಮನೆಗೆಲಸದ ಕ್ರೈಸ್ತ ಹೆಂಗಸೊಬ್ಬರ ಧೈರ್ಯದಿಂದ. ಪಕ್ಕದಲ್ಲಿದ್ದವರು ಕೈಚಾಚಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಕಪ್ಪು ವರ್ಣೀಯ ರಾಡ್ನಿ ಕಿಂಗ್‌ನನ್ನು ಬಡಿದಾಗ ಉಳಿದ ಪೊಲೀಸರು ನೋಡುತ್ತಾ ನಿಂತಿದ್ದರು. ಆ ನಂತರ ಸ್ಟೌಬ್ ಕ್ಯಾಲಿಫೋರ್ನಿಯಾ ಪೊಲೀಸರಿಗೆ ಸಹೋದ್ಯೋಗಿಯನ್ನು ತಡೆಯುವ ತರಬೇತಿ ರೂಪಿಸಿಕೊಟ್ಟರು. 1993ರಲ್ಲಿ ಬೋಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಜಾಕ್ಸನ್ ಕ್ಯಾಟ್ಜ್ ಕ್ರೀಡಾಪಟುಗಳಿಗೆ ಹೆಣ್ಣುಮಕ್ಕಳ ಮೇಲಿನ ಹಿಂಸೆ ತಡೆಯುವ ಇಂಥದ್ದೇ ಪಾಠ ಶುರುಮಾಡಿದರು. ಆಫೀಸಿನ ವರ್ಣಭೇದಕ್ಕೆ ಈ ವಿದ್ಯೆ ಬಂದದ್ದು ಹೀಗೆ ಪೊಲೀಸ್ ಠಾಣೆ, ಕಾಲೇಜು ಮೈದಾನಗಳನ್ನು ದಾಟಿ, ತುಂಬ ತಡವಾಗಿ.

ಎರಡೂ ಕಥೆ ಕೂಡಿದ್ದು 2016ರ ಜೂನ್‌ನಲ್ಲಿ. ಸಮಾನ ಉದ್ಯೋಗಾವಕಾಶ ಆಯೋಗದ ಸದಸ್ಯರಾಗಿದ್ದ ಚಾಯ್ ಫೆಲ್ಡ್‌ಬ್ಲಮ್ ಮತ್ತು ವಿಕ್ಟೋರಿಯಾ ಲಿಪ್ನಿಕ್ ಕೆಲಸದ ಜಾಗದ ಕಿರುಕುಳದ ಬಗ್ಗೆ ವರದಿ ಕೊಟ್ಟರು. ಸರ್ಕಾರಿ ವರದಿಯಾದರೂ ಮಾತು ನೇರ. 30 ವರ್ಷ ನಡೆದ ಟ್ರೈನಿಂಗ್‌ನಲ್ಲಿ ಹೆಚ್ಚಿನದು ಕಿರುಕುಳ ತಡೆದಿಲ್ಲ, ಅದರ ಗಮನವೆಲ್ಲ ಕೋರ್ಟು ಕಚೇರಿ ತಪ್ಪಿಸಿಕೊಳ್ಳುವುದರ ಮೇಲಿತ್ತು. ಕಿರುಕುಳ ಅನುಭವಿಸಿದ ನಾಲ್ವರಲ್ಲಿ ಸುಮಾರು ಮೂವರು ಮೇಲಿನವರ ಹತ್ತಿರ ಬಾಯಿಯೇ ಬಿಟ್ಟಿಲ್ಲ. ಹಾಗಿದ್ದರೆ ನೋಡುವವರನ್ನು ತಯಾರು ಮಾಡಿ ನೋಡೋಣ ಎಂದಿತು ವರದಿ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತದ್ದನ್ನು ಎಲ್ಲರೂ ಬೀದಿಯ ಘಟನೆಯಾಗಿ ನೋಡಿದರು. ನನಗೆ ಅದು ಆಫೀಸಿನ ಘಟನೆಯಾಗಿಯೂ ಕಾಣುತ್ತದೆ. ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಮೊಣಕಾಲಿಟ್ಟ ಡೆರೆಕ್ ಶಾವಿನ್‌ಗೆ 19 ವರ್ಷದ ಸರ್ವಿಸ್. ಜೊತೆಗಿದ್ದ ಥಾಮಸ್ ಲೇನ್ ಮತ್ತು ಅಲೆಕ್ಸಾಂಡರ್ ಕ್ವೆಂಗ್ ತರಬೇತಿ ಮುಗಿಸಿ ಸ್ವತಂತ್ರವಾಗಿ ಡ್ಯೂಟಿಗೆ ಬಂದು ವಾರವೂ ಆಗಿರಲಿಲ್ಲ. ಕ್ವೆಂಗ್‌ಗೆ ಕೆಲಸ ಕಲಿಸಿದ್ದೇ ಶಾವಿನ್. ಫ್ಲಾಯ್ಡ್‌ನನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಲೇನ್ ಎರಡು ಸಲ ಕೇಳಿದ. ಸೀನಿಯರ್ ಒಪ್ಪಲಿಲ್ಲ. ಲೇನ್ ಮತ್ತೆ ಒತ್ತಾಯಿಸಲಿಲ್ಲ. ಪಾದಚಾರಿಗಳು ಮಾತ್ರ ಕೂಗುತ್ತಲೇ ಇದ್ದರು, 17 ವರ್ಷದ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಚಿತ್ರಿಸುತ್ತಲೇ ಇದ್ದಳು. ಅವರಿಗೆ ಶಾವಿನ್ ಬಾಸ್ ಅಲ್ಲವಲ್ಲ! 2022ರ ಫೆಬ್ರುವರಿಯಲ್ಲಿ ಜೊತೆಗಿದ್ದ ಮೂವರು ಪೊಲೀಸರೂ ಅಪರಾಧಿಗಳೆಂದು ತೀರ್ಪು ಬಂತು. ಅವರಲ್ಲಿ ಇಬ್ಬರ ಮೇಲಿನ ಒಂದು ಆರೋಪ, ಸಹೋದ್ಯೋಗಿಯನ್ನು ತಡೆಯಲಿಲ್ಲ ಅನ್ನುವುದೇ.

ಹೊಗೆಯ ಪ್ರಯೋಗದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ. ಅಲ್ಲಿ ಕೂತವರು ಅಪರಿಚಿತರು. ಆಫೀಸಿನಲ್ಲಿ ಪಕ್ಕದವರು ನಾಳೆಯೂ ಸಿಗುತ್ತಾರೆ, ಅಪ್ರೈಸಲ್ ಬರೆಯುತ್ತಾರೆ. ಅದಕ್ಕೇ ಈಗಿನ ತರಬೇತಿಗಳಲ್ಲಿ ಎದುರಾಎದುರು ಹೇಳುವುದು ಐದು ದಾರಿಗಳಲ್ಲಿ ಒಂದು ಮಾತ್ರ. ಮಾತು ಬೇರೆ ಕಡೆ ತಿರುಗಿಸಬಹುದು. ಅಧಿಕಾರ ಇರುವ ಇನ್ನೊಬ್ಬರನ್ನು ಕರೆಯಬಹುದು. ಬರೆದಿಟ್ಟುಕೊಳ್ಳಬಹುದು. ಆಮೇಲೆ ಹೋಗಿ ನೊಂದವರನ್ನು ವಿಚಾರಿಸಬಹುದು. ಬೀದಿ ಕಿರುಕುಳದ ವಿರುದ್ಧ 2005ರಲ್ಲಿ ಹುಟ್ಟಿ, ಈಗ 'ರೈಟ್ ಟು ಬಿ' ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಈ ಐದನ್ನು ಊರೂರಿಗೆ ಮುಟ್ಟಿಸಿತು. ಒಳ್ಳೆಯ ತರಬೇತಿಯಲ್ಲಿ ವಾಕ್ಯಗಳನ್ನು ಬಾಯಿಬಿಟ್ಟು ಹೇಳಿಸುತ್ತಾರೆ. "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಅನ್ನುವಷ್ಟು ಸರಳ ಮಾತೂ ಮೊದಲೇ ಹೇಳಿ ಅಭ್ಯಾಸ ಇಲ್ಲದಿದ್ದರೆ ಸಮಯಕ್ಕೆ ಗಂಟಲು ದಾಟುವುದಿಲ್ಲ. ಸಂಶೋಧನೆಗಳಲ್ಲಿ ಕಂಡ ಇನ್ನೊಂದು ಮಾತು: ನೊಂದವರೇ ಕೇಳಿದರೆ "ಇವರದ್ದು ಯಾವಾಗಲೂ ಇದೇ ಗೋಳು" ಅನ್ನಿಸುತ್ತದೆ, ಬೇರೆ ಜನಾಂಗದವರು ಕೇಳಿದರೆ ಅದಕ್ಕೆ ತೂಕ ಜಾಸ್ತಿ. ಅನ್ಯಾಯವೇ, ಆದರೆ ಪಕ್ಕದವರ ಬಾಯಿಗೆ ಬೆಲೆ ಬರುವುದೂ ಇದರಿಂದಲೇ.

ಫಲ ಸಿಕ್ಕಿದೆಯೇ? ಸಮಾಜಶಾಸ್ತ್ರಜ್ಞರಾದ ಫ್ರ್ಯಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ ಅಮೆರಿಕದ ಕಂಪನಿಗಳ ವರ್ಷಾನುಗಟ್ಟಲೆ ಲೆಕ್ಕ ತೆಗೆದು, ಕಡ್ಡಾಯವಾಗಿ ಕೂರಿಸಿ ಹೇಳುವ ಪಾಠಕ್ಕೆ ಜನ ತಿರುಗಿಬೀಳುತ್ತಾರೆ ಎಂದು ತೋರಿಸಿದ್ದಾರೆ. ನಿಮ್ಮನ್ನು ಆರೋಪಿಯಂತೆ ನೋಡದೆ ನೆರವಿಗೆ ಬರುವವರಂತೆ ನೋಡುವ ಪಾಠ ಈ ಇಬ್ಬರು ಸಂಶೋಧಕರಿಗೂ ವಾಸಿ ಅನ್ನಿಸಿದೆ. ರಾಜಕೀಯವೂ ಸುಮ್ಮನಿಲ್ಲ. ಸರ್ಕಾರಿ ನೌಕರರಿಗೆ, ಗುತ್ತಿಗೆದಾರರಿಗೆ ನಡೆಯುವ ಜನಾಂಗ, ಲಿಂಗಭೇದ ಕುರಿತ ತರಬೇತಿಗಳ ಮೇಲೆ ಟ್ರಂಪ್ 2020ರಲ್ಲಿ ಕಡಿವಾಣ ಹಾಕಿದರು, ಬೈಡನ್ 2021ರಲ್ಲಿ ತೆಗೆದರು, 2025ರಲ್ಲಿ ಟ್ರಂಪ್ ಮತ್ತೆ ಬಂದು ಇನ್ನೂ ಬಿಗಿ ಮಾಡಿದರು.

ನಮ್ಮಲ್ಲಿ? 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದು ನೆನಪಿರಬೇಕು. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಹಲ್ಲೆಗೊಳಗಾಗಿ ಸತ್ತ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಾನೂನು ಬೇಕು, ಇಲ್ಲವೇ ದಂಡ ಸಂಹಿತೆಗೆ ತಿದ್ದುಪಡಿಯಾಗಬೇಕು ಎಂದಿತು. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಆಫೀಸಿನಲ್ಲಿ ಸಮಿತಿ ಇದೆ. ಖಾಸಗಿ ಕಂಪನಿಯಲ್ಲಿ ಮುಖ ನೋಡಿ ಆಡಿಕೊಂಡರೆ ಹಿಡಿದು ಕೇಳುವ ಅಂಥ ಕಾಯ್ದೆ ಇಲ್ಲ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಮಣಿಪುರದ ಸಹೋದ್ಯೋಗಿಯೊಬ್ಬಳಿದ್ದಳು. ಊಟದ ಟೇಬಲ್‌ನಲ್ಲಿ ಸೀನಿಯರ್ ಒಬ್ಬರು, "ನಿಮ್ಮ ಕಡೆ ನಾಯಿ ತಿಂತಾರಂತೆ, ಡಬ್ಬಿ ತೋರ್ಸಮ್ಮ" ಎಂದರು. ಎಲ್ಲರೂ ನಕ್ಕರು. ನಾನು ಮೊಬೈಲ್ ನೋಡಿದೆ. ಎರಡು ದಿನ ಒದ್ದಾಡಿ, ಕಾಫಿ ಮೆಷಿನ್ ಹತ್ತಿರ ಸಿಕ್ಕಾಗ, ಅವತ್ತು ನಾನು ಏನಾದರೂ ಹೇಳಬೇಕಿತ್ತು, ಸಾರಿ ಎಂದೆ. ಅವಳು ಲೋಟ ತುಂಬಿಸಿಕೊಳ್ಳುತ್ತಾ ಹೇಳಿದಳು: "ಟೇಬಲ್‌ನಲ್ಲಿ ಏಳು ಜನ ಇದ್ರಿ. ಇದನ್ನೇ ಹೇಳೋಕೆ ನೀವು ಐದನೆಯವರು ಬಂದಿರೋದು."