ಬೆಟ್ಟ ಹತ್ತುವಾಗ ಮಾತ್ರ ಯಾಕೆ ಮಿಸ್ಸಿಂಗ್?

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನಮ್ಮ ಹಳೆ ಮಾರುತಿ 800 ಚೆನ್ನಾಗಿಯೇ ಓಡುತ್ತಿತ್ತು. ಚಳಿಗಾಲದ ಬೆಳಿಗ್ಗೆಯೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆದರೆ ನಂದಿ ಬೆಟ್ಟದ ಘಾಟಿ ಶುರುವಾಗಿ, ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಸಾಕು, ಗಾಡಿ ಕೆಮ್ಮುತ್ತಿತ್ತು, ಗ್ಯಾರೇಜ್ ಭಾಷೆಯಲ್ಲಿ ಮಿಸ್ಸಿಂಗ್. ಹಿಂದೆ ಬೈಕ್ ಹುಡುಗರ ಹಾರನ್. ಪಕ್ಕದಲ್ಲಿ ಅಪ್ಪ, "ಮೂರು ಸಿಲಿಂಡರಲ್ಲಿ ಒಂದು ಕೆಲಸ ಮಾಡ್ತಿಲ್ಲ ಕಣೋ" ಅಂದರು. ಇಳಿಯುವಾಗ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಸುಮ್ನೆ ಬಂತು.

ಸ್ಪಾರ್ಕ್ ಪ್ಲಗ್ ಅಂದರೆ ತುದಿಯ ಎರಡು ಲೋಹದ ನಡುವಿನ ಸಂದಿನಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಭಾಗ. ಮೆಕ್ಯಾನಿಕ್ ಆ ಪ್ಲಗ್ ಬಿಚ್ಚಿ, ಅದರ ವೈರ್‌ಗೇ ಸಿಕ್ಕಿಸಿ, ಇಂಜಿನ್ ಮೇಲೆ ಒರಗಿಸಿ ಸೆಲ್ಫ್ ಹೊಡೆಸಿದ. ಟಿಕ್ ಟಿಕ್ ಅಂತ ನೀಲಿ ಕಿಡಿ. "ಪ್ಲಗ್ ಸೂಪರ್ ಆಗಿದೆ ಸಾರ್, ಕಾರ್ಬುರೇಟರ್ ಬಿಚ್ಚಬೇಕು." ಗಾಳಿಗೆ ಪೆಟ್ರೋಲ್ ಬೆರೆಸುವ ಆ ಭಾಗವನ್ನು ಬಿಚ್ಚಿದ, ತೊಳೆದ, ದುಡ್ಡು ಇಸ್ಕೊಂಡ. ಮುಂದಿನ ಭಾನುವಾರ ಅದೇ ತಿರುವು, ಅದೇ ಕೆಮ್ಮು.

ಆ ನೀಲಿ ಕಿಡಿ ಸುಳ್ಳಲ್ಲ. ಆದರೆ ಹೊರಗೆ ಹಾರುವ ಕಿಡಿ ಒಳಗೂ ಹಾರುತ್ತೆ ಅಂತ ನಂಬೋದು ತಪ್ಪು. ಗಾಳಿ ಕರೆಂಟ್ ಬಿಡುವ ವಸ್ತುವಲ್ಲ. ಬಯಲಿನಲ್ಲಿ ಒಂದು ಮಿಲಿಮೀಟರ್ ಸಂದು ದಾಟಿಸಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಇಂಜಿನ್ ಒಳಗೆ ಪಿಸ್ಟನ್ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒತ್ತಿ ಇಟ್ಟಿರುತ್ತದೆ. ಒತ್ತಡ ಜಾಸ್ತಿ ಆದಷ್ಟೂ ಅದೇ ಸಂದು ದಾಟೋಕೆ ಹೆಚ್ಚು ವೋಲ್ಟ್ ಬೇಕು. ಒತ್ತಡ, ಸಂದು, ವೋಲ್ಟೇಜ್ ಈ ಮೂರರ ಲೆಕ್ಕವನ್ನು ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ಬರೆದಿಟ್ಟಿದ್ದ. ಆಗಿನ್ನೂ ಕಾರು ಹುಟ್ಟಿ ಮೂರ್ನಾಲ್ಕು ವರ್ಷ ಅಷ್ಟೇ.

ಗಾಡಿ ನಿಂತಲ್ಲೇ ಓಡುತ್ತಿರುವಾಗ ಕಾರ್ಬುರೇಟರ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯೇ ಕಮ್ಮಿ, ಒತ್ತಡವೂ ಕಮ್ಮಿ, ಕಿಡಿಗೆ ಕೆಲಸ ಸುಲಭ. ಬೆಟ್ಟ ಹತ್ತುವಾಗ ಕಾಲು ಪೂರ್ತಿ ಒತ್ತುತ್ತೇವೆ. ಬಾಗಿಲು ಅಗಲ ತೆರೆಯುತ್ತದೆ, ಸಿಲಿಂಡರ್ ತುಂಬಿಕೊಳ್ಳುತ್ತದೆ, ಆಗ ಕಿಡಿಗೆ ಹತ್ತು ಸಾವಿರ ವೋಲ್ಟ್ ದಾಟಿಯೇ ಬೇಕಾಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಅಷ್ಟಕ್ಕೆ ಏರಿಸುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಸವೆದ ಪ್ಲಗ್ ಕೇಳೋದು ಆ ಮಿತಿಗಿಂತ ಜಾಸ್ತಿ ಆದರೆ ಕಿಡಿ ಹಾರೋದೇ ಇಲ್ಲ. ಆ ಸುತ್ತಿನ ಪೆಟ್ರೋಲ್ ಉರಿಯದೆ ಸೈಲೆನ್ಸರಿಗೆ ಹೋಗುತ್ತದೆ. ನಮಗೆ ಕೇಳೋದು ಕೆಮ್ಮು.

ಸವೆತ ಎಷ್ಟಿರುತ್ತೆ ಅಂತೀರಾ? ನಾಲ್ಕು ಸ್ಟ್ರೋಕಿನ ಇಂಜಿನ್‌ನಲ್ಲಿ ಎರಡು ಸುತ್ತು ತಿರುಗಿದರೆ ಒಂದು ಕಿಡಿ. 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ, ಪ್ರತಿ ಪ್ಲಗ್ಗಿಗೆ ಸೆಕೆಂಡಿಗೆ 25. ಅದೇ ಆರ್‌ಪಿಎಂನಲ್ಲಿ ಗಂಟೆಗೆ 60 ಕಿಲೋಮೀಟರ್ ಹೋಗುತ್ತೇವೆ ಅಂದುಕೊಂಡರೆ, 20,000 ಕಿಲೋಮೀಟರಿಗೆ ಮೂರು ಕೋಟಿ ಕಿಡಿ. ಒಂದೊಂದು ಕಿಡಿಯೂ ಲೋಹವನ್ನು ಕಣ್ಣಿಗೆ ಕಾಣದಷ್ಟು ಕೀಳುತ್ತದೆ, ಸಂದು ಅಗಲವಾಗುತ್ತಾ ಹೋಗುತ್ತದೆ. ನಮ್ಮ ಪ್ಲಗ್ ಬಿಚ್ಚಿ, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ 1 ಮಿಲಿಮೀಟರಿನ ಪಟ್ಟಿ ಆರಾಮಾಗಿ ಒಳಗೆ ಹೋಯಿತು. ಇರಬೇಕಾದದ್ದು 0.7ರಿಂದ 0.8. ಅದಕ್ಕಿಂತ ಮುಖ್ಯ, ನಡುವಿನ ಕಡ್ಡಿಯ ತುದಿ ಬಳಸಿ ಬಳಸಿ ಸವೆದ ಬಳಪದ ಹಾಗೆ ಗುಂಡಗಾಗಿತ್ತು. ವಿದ್ಯುತ್ತಿಗೆ ಚೂಪು ಅಂಚು ಅಂದ್ರೆ ಇಷ್ಟ. ಗೋಪುರದ ಮೇಲಿನ ಸಿಡಿಲು ಕಂಬಿ ಚೂಪಾಗಿರೋದು ನೋಡಿದ್ದೀರಲ್ಲ. ಅಂಚು ಗುಂಡಗಾದರೆ ಹಾರೋಕೆ ಇನ್ನೂ ಜಾಸ್ತಿ ವೋಲ್ಟ್ ಬೇಕು. ಹಾಗಾಗಿ ಸುಮ್ನೆ ತಟ್ಟಿ ಗ್ಯಾಪ್ ಕಮ್ಮಿ ಮಾಡಿ, ಉಪ್ಪು ಕಾಗದದಲ್ಲಿ ಉಜ್ಜಿ ಮತ್ತೆ ಹಾಕೋದು ಊರು ಸೇರೋಕೆ ಸರಿ, ಆಮೇಲೆ ಹೊಸದೇ ಬೇಕು.

ಯಾವುದು ತಗೋಬೇಕು? ಕಾರಿನ ಪುಸ್ತಕದಲ್ಲಿ ಬರೆದ ನಂಬರಿಂದು. ಆ ನಂಬರಿನಲ್ಲಿ ಪ್ಲಗ್ಗಿನ ಶಾಖದ ಗುಣ ಅಡಗಿದೆ. ತುದಿಯ ಬಿಳಿ ಪಿಂಗಾಣಿ ಉದ್ದ ಇದ್ದರೆ ಶಾಖ ನಿಧಾನವಾಗಿ ಇಳಿಯುತ್ತದೆ, ಅದು ಬಿಸಿ ಪ್ಲಗ್. ಗಿಡ್ಡ ಇದ್ದರೆ ಬೇಗ ಇಳಿಯುತ್ತದೆ, ಅದು ತಣ್ಣನೆ ಪ್ಲಗ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕೂರುತ್ತದೆ. 850 ದಾಟಿದರೆ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಸಂಚಕಾರ. ಅಂಗಡಿಯವರು "ಒಂದು ನಂಬರ್ ಆಚೀಚೆ ಏನೂ ಆಗಲ್ಲ" ಅಂದರೆ ಒಪ್ಪಬೇಡಿ. ಇನ್ನೊಂದು ತಮಾಷೆ ಇದೆ. ಎನ್‌ಜಿಕೆ, ಬಾಷ್ ಎರಡೂ ಪ್ಲಗ್ ಮಾಡುವ ಕಂಪನಿಗಳು. ಎನ್‌ಜಿಕೆ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ, ಬಾಷ್ ಲೆಕ್ಕದಲ್ಲಿ ಪೂರ್ತಿ ಉಲ್ಟಾ. ನಮ್ಮ ಕಡೆ ಹಳಬರಿಗೆ ಬಾಷ್ ಅಂದರೆ ಗೊತ್ತಾಗಲ್ಲ, ಮೈಕೋ ಅನ್ನಬೇಕು. ಬೆಂಗಳೂರಿನ ಆ ಕಂಪನಿ ಹೆಸರು ಬದಲಿಸಿಕೊಂಡಿದ್ದು 2008ರಲ್ಲಿ.

ಇರಿಡಿಯಂ ಪ್ಲಗ್ ಹಾಕಿಸಿ ಅಂತಲೂ ಹೇಳುತ್ತಾರೆ. ಇರಿಡಿಯಂ ಕರಗೋದು 2,446 ಡಿಗ್ರಿಗೆ, ನಿಕ್ಕಲ್ 1,455ಕ್ಕೇ. ಅದಕ್ಕೇ ತುದಿಯನ್ನು ಸೂಜಿಯಂತೆ ತೆಳ್ಳಗೆ ಮಾಡಿದರೂ ತಡೆಯುತ್ತದೆ, ಬಹಳ ದಿನ ಬಾಳುತ್ತದೆ. ಒಳ್ಳೆ ವಸ್ತುವೇ. ಆದರೆ ತಿಂಗಳಿಗೆ ಮುನ್ನೂರು ಕಿಲೋಮೀಟರ್ ಓಡುವ ಹಳೆ ಕಾರಿಗೆ ಮಾಮೂಲಿ ನಿಕ್ಕಲ್ ಪ್ಲಗ್ ಸಾಕು ಅನ್ನೋದು ನನ್ನ ಲೆಕ್ಕ.

ಹಾಕುವಾಗ ಇಂಜಿನ್ ತಣ್ಣಗಿರಲಿ. ಪ್ಲಗ್ ಕೂರುವ ಮೇಲಿನ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಮರೆ, ಅಂದರೆ ತಿರುಪಿನ ಗೆರೆ, ಕಿತ್ತು ಬರಬಹುದು. ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೆ. ವೈರುಗಳನ್ನು ಒಂದೊಂದೇ ತೆಗೆದು ಒಂದೊಂದೇ ಹಾಕಿ, ಮೂರನ್ನೂ ಒಟ್ಟಿಗೆ ಎಳೆದರೆ ಯಾವುದು ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳಬೇಕು. ಹೊಸ ಪ್ಲಗ್ಗಿನ ಮಂಡೆಗೆ ಒಂದು ಗೇಣು ಪೆಟ್ರೋಲ್ ಪೈಪ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಮರೆ ಅಡ್ಡ ಕೂತರೆ ಪೈಪ್ ಜಾರುತ್ತದೆ, ಪ್ಲಗ್ ತಿರುಗಲ್ಲ. ಪಾನಾ ಹಿಡಿದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಕೈಯಲ್ಲಿ ಪೂರ್ತಿ ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ವಾಷರ್ ಅದುಮಿಕೊಳ್ಳುವಷ್ಟು, ಅಷ್ಟೇ. ಮೈಮೇಲೆ ಬಿದ್ದು ಬಿಗಿಯೋದು ಬೇಡ.

ಹೊಸ ಪ್ಲಗ್ ಹಾಕಿಕೊಂಡು ಮತ್ತೆ ಬೆಟ್ಟಕ್ಕೆ ಹೋದೆವು. 1,478 ಮೀಟರ್ ಎತ್ತರದವರೆಗೂ ಒಂದು ಕೆಮ್ಮೂ ಇಲ್ಲ. ಅಪ್ಪ ಕಿಟಕಿ ಇಳಿಸಿಕೊಂಡು ಆರಾಮಾಗಿ ಕೂತಿದ್ದರು. ಬಿಚ್ಚಿದ ಹಳೆ ಪ್ಲಗ್ ಮೂರೂ ಡಿಕ್ಕಿಯಲ್ಲಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಎರಡರ ತುದಿ ಗೋಧಿ ಬಣ್ಣ, ಅಂದರೆ ಒಳಗೆ ಚೆನ್ನಾಗಿ ಉರಿಯುತ್ತಿದೆ. ಮೂರನೆಯದರ ಮೇಲೆ ಕಪ್ಪು, ಹಸಿ ಆಯಿಲ್. ಅದು ಆಯಿಲ್ ಒಳಗೆ ಬಾರದಂತೆ ತಡೆಯುವ ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಕೆಲಸ, ಇಂಜಿನ್ ಬಿಚ್ಚುವ ಖರ್ಚು. ಅಪ್ಪನಿಗೆ ಇನ್ನೂ ತೋರಿಸಿಲ್ಲ.