ತಳಪೊರೆ: ‘ಇನ್ ಸಿಟು’ ಮತ್ತು ‘ಇನ್ವೇಸಿವ್’ ನಡುವಿನ ಗೆರೆ

ಬಯಾಪ್ಸಿ ರಿಪೋರ್ಟಿನಲ್ಲಿ ‘ಕಾರ್ಸಿನೋಮಾ ಇನ್ ಸಿಟು’ ಅಂತ ಬರೆದಿದ್ದರೆ ಒಂದು ಅರ್ಥ, ‘ಇನ್ವೇಸಿವ್ ಕಾರ್ಸಿನೋಮಾ’ ಅಂತಿದ್ದರೆ ಬೇರೆಯೇ ಅರ್ಥ. ಕಾರ್ಸಿನೋಮಾ ಅಂದರೆ ಅಂಗಗಳ ಹೊದಿಕೆಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಜೀವಕೋಶಗಳು ಎರಡರಲ್ಲೂ ಒಂದೇ ರೀತಿ ಕೆಟ್ಟಿರಬಹುದು. ವ್ಯತ್ಯಾಸ ಇರುವುದು ಅವು ಎಲ್ಲಿವೆ ಅನ್ನುವುದರಲ್ಲಿ. ಬೇಸ್‌ಮೆಂಟ್ ಮೆಂಬ್ರೇನ್ ಅನ್ನುವ ಒಂದು ತೆಳು ಹಾಳೆಯ ಮೇಲೆಯೇ ಉಳಿದಿದ್ದರೆ ಇನ್ ಸಿಟು. ಅದನ್ನು ಒಡೆದು ಕೆಳಗೆ ಇಳಿದಿದ್ದರೆ ಇನ್ವೇಸಿವ್. ಇಲ್ಲಿ ಆ ಹಾಳೆಯನ್ನು ಸುಲಭಕ್ಕೆ ತಳಪೊರೆ ಅಂತ ಕರೆಯೋಣ.

ಚರ್ಮ, ಬಾಯಿಯ ಒಳಮೈ, ಕರುಳು, ಸ್ತನದ ಹಾಲಿನ ನಾಳ, ಇವುಗಳಿಗೆಲ್ಲ ಜೀವಕೋಶಗಳ ಒಂದು ಹೊದಿಕೆ ಇರುತ್ತದೆ. ಅದೇ ಎಪಿಥೀಲಿಯಂ. ಅದರ ಬುಡಕ್ಕೆ ಅಂಟಿಕೊಂಡು ತಳಪೊರೆ ಹಾಸಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 50ರಿಂದ 100 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲು ಅಷ್ಟೇ. ಇದರಲ್ಲಿ ಜೀವಕೋಶಗಳಿಲ್ಲ, ಎಲ್ಲವೂ ಜೀವಕೋಶಗಳು ಹೊರಗೆ ಸುರಿಸಿದ ಪ್ರೋಟೀನು. ನಾಲ್ಕನೇ ಬಗೆಯ ಕೊಲಾಜೆನ್ ಒಂದು ಬಲೆ ಹೆಣೆಯುತ್ತದೆ, ಲ್ಯಾಮಿನಿನ್ ಇನ್ನೊಂದು ಬಲೆ ಹೆಣೆಯುತ್ತದೆ. ನಿಡೋಜೆನ್, ಪರ್ಲೆಕನ್ ಅನ್ನುವವು ಆ ಎರಡನ್ನೂ ಒಟ್ಟಿಗೆ ಹಿಡಿದಿಡಲು ನೆರವಾಗುತ್ತವೆ. ಲ್ಯಾಮಿನಿನ್ ಅನ್ನು 1979ರಲ್ಲಿ ರೂಪರ್ಟ್ ಟಿಂಪಲ್ ಮತ್ತು ಸಂಗಡಿಗರು ಬೇರ್ಪಡಿಸಿದ್ದು ಇಲಿಯ ಒಂದು ಗಡ್ಡೆಯಿಂದ. ಆ ಗಡ್ಡೆ ತಳಪೊರೆಯ ಸಾಮಗ್ರಿಯನ್ನು ರಾಶಿರಾಶಿ ತಯಾರಿಸುತ್ತಿತ್ತು. ಗಡ್ಡೆಗಳು ತಳಪೊರೆಯನ್ನು ಹಾಳು ಮಾಡುತ್ತವೆ ಅಂತ ಮಾತ್ರ ಓದಿದವರಿಗೆ ಇದು ಅಚ್ಚರಿಯ ಸಂಗತಿ. ಈ ಮಾತು ಮುಂದೆ ಬೇಕಾಗುತ್ತದೆ.

ತಳಪೊರೆ ಸುಮ್ನೆ ಹಾಸಿಕೊಂಡಿರುವ ಹಾಳೆಯಲ್ಲ. ಜೀವಕೋಶಗಳು ಇಂಟೆಗ್ರಿನ್ ಎಂಬ ಪ್ರೋಟೀನುಗಳ ಮೂಲಕ ಅದನ್ನು ಹಿಡಿದುಕೊಂಡಿರುತ್ತವೆ. ತಮಗೆ ಮೇಲು ಯಾವುದು, ಕೆಳಗು ಯಾವುದು ಅಂತ ಅವಕ್ಕೆ ತಿಳಿಯುವುದು ಬಹುಪಾಲು ಆ ಹಿಡಿತದಿಂದಲೇ. ಆರೋಗ್ಯವಂತ ಕೋಶದ ಹಿಡಿತ ಪೂರ್ತಿ ಬಿಟ್ಟುಹೋದರೆ ಅದು ಸಾಮಾನ್ಯವಾಗಿ ತಾನಾಗಿಯೇ ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಮೊದಲು ಕಳೆದುಕೊಳ್ಳುವ ಶಿಸ್ತುಗಳಲ್ಲಿ ಇದೂ ಒಂದು. ಅವು ಹಿಡಿತ ತಪ್ಪಿದರೂ ಬದುಕಲು ಕಲಿಯುತ್ತವೆ.

ಇಷ್ಟು ತೆಳುವಾದ ಹಾಳೆಗೆ ವೈದ್ಯರು ಯಾಕೆ ಇಷ್ಟು ಬೆಲೆ ಕೊಡುತ್ತಾರೆ? ಎಪಿಥೀಲಿಯಂ ಒಳಗೆ ರಕ್ತನಾಳಗಳೂ ಇಲ್ಲ, ಅಂಗಾಂಶದ ದ್ರವವನ್ನು ಹೊತ್ತೊಯ್ಯುವ ಲಿಂಫ್ ನಾಳಗಳೂ ಇಲ್ಲ. ಅವೆಲ್ಲ ತಳಪೊರೆಯ ಕೆಳಗಿವೆ. ಆಮ್ಲಜನಕ, ಆಹಾರ ಅಲ್ಲಿಂದ ತಳಪೊರೆಯ ಮೂಲಕ ಹರಿದು ಬರಬೇಕು. ಅಂದರೆ ತಳಪೊರೆಯ ಮೇಲೆ ಕ್ಯಾನ್ಸರ್ ಕೋಶಗಳು ಎಷ್ಟೇ ಹೆಚ್ಚಿದರೂ ದೇಹದ ಬೇರೆ ಕಡೆ ಹೋಗಲು ಅವಕ್ಕೆ ದಾರಿ ಸಿಕ್ಕಿರುವುದಿಲ್ಲ. ಆ ಹಂತದಲ್ಲೇ ಪೂರ್ತಿ ತೆಗೆದುಹಾಕಿದರೆ ಗುಣವಾಗುವ ಸಾಧ್ಯತೆ ತುಂಬಾ ಜಾಸ್ತಿ. ಗರ್ಭಕೊರಳಿನ ಪ್ಯಾಪ್ ಟೆಸ್ಟ್ ಹುಡುಕುವುದೇ ಈ ಹಂತದ, ಇದಕ್ಕೂ ಮೊದಲಿನ ಬದಲಾವಣೆಗಳನ್ನು.

ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ತುಂಬಾ ಕಾಣುತ್ತದೆ. ಹಾಗಾಗಿ ಅದರದೇ ಉದಾಹರಣೆ ನೋಡೋಣ. ಕೆನ್ನೆಯ ಒಳಭಾಗದ ಅಥವಾ ನಾಲಿಗೆಯ ಗಡ್ಡೆ ತೆಗೆದ ಮೇಲೆ ಬರುವ ರಿಪೋರ್ಟಿನಲ್ಲಿ ‘ಡೆಪ್ತ್ ಆಫ್ ಇನ್ವೇಷನ್’ ಅಂತ ಒಂದು ಸಾಲು ಇರುತ್ತದೆ, ಮಿಲಿಮೀಟರಿನಲ್ಲಿ. ಅದು ಗಡ್ಡೆಯ ಒಟ್ಟು ದಪ್ಪವಲ್ಲ. ಪಕ್ಕದ ಆರೋಗ್ಯವಂತ ಭಾಗದ ತಳಪೊರೆಯ ಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಂಡು, ಅಲ್ಲಿಂದ ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಅಂತ ಅಳೆಯುತ್ತಾರೆ. ಹೊರಗೆ ಉಬ್ಬಿಕೊಂಡು ದೊಡ್ಡದಾಗಿ ಕಾಣುವ ಗಡ್ಡೆ ಆಳದಲ್ಲಿ ಕಡಿಮೆ ಇರಬಹುದು. ಚಿಕ್ಕ ಹುಣ್ಣಿನಂಥದ್ದು ಆಳಕ್ಕೆ ಹೋಗಿರಬಹುದು. ಎರಡು ಸೆಂಟಿಮೀಟರ್ ಒಳಗಿನ ಗಡ್ಡೆಯಾದರೂ ಆಳ 5 ಮಿಲಿಮೀಟರ್ ದಾಟಿದರೆ ಅದು ಟಿ1 ಅಲ್ಲ, ಅದಕ್ಕಿಂತ ಮುಂದಿನ ಹಂತವಾದ ಟಿ2 ಆಗುತ್ತದೆ. ಕುತ್ತಿಗೆಯ ಲಿಂಫ್ ಗಂಟುಗಳನ್ನೂ ತೆಗೆಯಬೇಕೋ ಬೇಡವೋ ಅನ್ನುವ ತೀರ್ಮಾನದಲ್ಲಿ ಈ ಆಳಕ್ಕೆ ದೊಡ್ಡ ಪಾತ್ರವಿದೆ. ಕಣ್ಣಿಗೆ ಕಾಣುವ ಗಾತ್ರ ನೋಡಿ ‘ಚಿಕ್ಕದೇ ಅಲ್ವಾ’ ಅಂದುಕೊಳ್ಳಬಾರದು ಅನ್ನುವುದು ಇದಕ್ಕೇ.

ಇನ್ನು ಕೋಶಗಳು ತಳಪೊರೆಯನ್ನು ದಾಟುವುದು ಹೇಗೆ? 1980ರಲ್ಲಿ ಲ್ಯಾನ್ಸ್ ಲಿಯೊಟ್ಟಾ ಮತ್ತು ಸಂಗಡಿಗರು ಇಲಿಗಳ ಗಡ್ಡೆಗಳಲ್ಲಿ ಒಂದು ಸಂಬಂಧ ತೋರಿಸಿದರು. ಹೆಚ್ಚು ಹರಡುವ ಗಡ್ಡೆಯ ಕೋಶಗಳು ನಾಲ್ಕನೇ ಬಗೆಯ ಕೊಲಾಜೆನ್ ಅನ್ನು ಹೆಚ್ಚು ಕರಗಿಸುತ್ತಿದ್ದವು. ಹೀಗೆ ಕರಗಿಸುವ ಕಿಣ್ವಗಳ ಗುಂಪಿಗೆ ಎಂಎಂಪಿ ಅಂತ ಹೆಸರು. ಎಂಎಂಪಿ-2, ಎಂಎಂಪಿ-9 ಅದರಲ್ಲಿ ಹೆಸರಾದವು. ಹಾಗಾದರೆ ಈ ಕಿಣ್ವಗಳನ್ನು ತಡೆದರೆ ಕ್ಯಾನ್ಸರ್ ನಿಲ್ಲಬೇಕಲ್ಲ? 1990ರ ದಶಕದಲ್ಲಿ ಮಾರಿಮಾಸ್ಟಾಟ್‌ನಂಥ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಕೀಲು, ಸ್ನಾಯುಗಳ ನೋವು ಬಂತು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಔಷಧಿ ಕೊಟ್ಟಿದ್ದು ಬಹುಪಾಲು ರೋಗ ಮುಂದುವರಿದವರಿಗೆ. ಅವರಲ್ಲಿ ಕ್ಯಾನ್ಸರ್ ತಳಪೊರೆಯನ್ನು ದಾಟಿ ಎಷ್ಟೋ ಕಾಲವಾಗಿತ್ತು. ಜೊತೆಗೆ, ಕೆಲವು ಎಂಎಂಪಿಗಳು ದೇಹಕ್ಕೆ ಒಳ್ಳೆಯದನ್ನೂ ಮಾಡುತ್ತವೆ.

ಕರಗಿಸುವುದೊಂದೇ ದಾರಿಯೂ ಅಲ್ಲ. ಸಿ. ಎಲಿಗನ್ಸ್ ಅನ್ನುವ ಒಂದು ಮಿಲಿಮೀಟರ್ ಉದ್ದದ ಹುಳು ಬೆಳೆಯುವಾಗ ಅದರ ಒಂದು ಕೋಶ ತಳಪೊರೆಯನ್ನು ತೂರಿ ಹೋಗುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಹಜ ಬೆಳವಣಿಗೆ. ಡೇವಿಡ್ ಶೆರ್ವುಡ್ ಅವರ ತಂಡ ಆ ಕಿಣ್ವಗಳಿಲ್ಲದಂತೆ ಮಾಡಿ ನೋಡಿತು. ಕೋಶ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ದಪ್ಪ ಚಾಚೊಂದನ್ನು ಬೆಳೆಸಿ, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳನ್ನು ಅಲ್ಲಿಗೇ ತಂದುಕೊಂಡು, ತಳಪೊರೆಯನ್ನು ಒತ್ತಿ ಹರಿಯಿತು. ಒಂದು ಬಾಗಿಲು ಮುಚ್ಚಿದರೆ ಕೋಶ ಇನ್ನೊಂದು ಹುಡುಕುತ್ತದೆ ಅನ್ನುವುದು ಔಷಧಿ ಹುಡುಕುವವರಿಗೆ ಕಷ್ಟದ ಸುದ್ದಿ, ಆದರೆ ತಿಳಿದಿರಲೇಬೇಕಾದ ಸುದ್ದಿ.

ಮೊದಲು ಹೇಳಿದ ಇಲಿಯ ಗಡ್ಡೆಯ ಮಾತಿಗೆ ಈಗ ಬರೋಣ. ಕ್ಯಾನ್ಸರ್ ಕೋಶಗಳು ತಳಪೊರೆಯನ್ನು ಒಡೆಯುತ್ತವೆ ಅನ್ನುವುದು ಅರ್ಧ ಕಥೆ. ಅವು ಅದರ ಭಾಗಗಳನ್ನು ಕಟ್ಟುತ್ತವೆ ಕೂಡ. ಕರುಳಿನಂಥ ಕೆಲವು ಕ್ಯಾನ್ಸರ್‌ಗಳಲ್ಲಿ ಮುಂದೆ ನುಗ್ಗುವ ಅಂಚಿನ ಕೋಶಗಳಲ್ಲೇ ಲ್ಯಾಮಿನಿನ್-332ರ ಒಂದು ಎಳೆ ಹೆಚ್ಚಾಗಿ ಕಾಣುತ್ತದೆ. ಬೇರೆ ಅಂಗಕ್ಕೆ ಹೋಗಿ ನೆಲೆಸಿದ ಗಡ್ಡೆಗಳ ಸುತ್ತ ಮತ್ತೆ ತಳಪೊರೆ ಮೂಡಿರುವುದೂ ಉಂಟು. ದಾರಿಯಲ್ಲಿ ಇನ್ನೂ ತಳಪೊರೆಗಳು ಸಿಗುತ್ತವೆ. ರಕ್ತನಾಳದ ಸುತ್ತಲೂ ಒಂದಿದೆ, ಅದರೊಳಗೆ ನುಗ್ಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ದಾಟಬೇಕು. ಚಿಕ್ಕ ಲಿಂಫ್ ನಾಳಗಳಿಗೆ ಮಾತ್ರ ಪೂರ್ತಿ ತಳಪೊರೆ ಇರುವುದಿಲ್ಲ. ಕಾರ್ಸಿನೋಮಾ ಎಷ್ಟೋ ಸಲ ಮೊದಲು ಲಿಂಫ್ ಗಂಟಿಗೆ ಹೋಗುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಅಂಗಕ್ಕೂ ಒಂದೇ ನಿಯಮ ಅಂತಲೂ ಇಲ್ಲ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ತಳಪೊರೆ ದಾಟಿದ್ದರೂ ಒಳಪದರದಲ್ಲೇ ಉಳಿದಿದ್ದರೆ ಅದನ್ನು ಇನ್ ಸಿಟು ಹಂತಕ್ಕೇ ಸೇರಿಸುತ್ತಾರೆ. ಅದರಾಚೆಯ ಸಬ್‌ಮ್ಯುಕೋಸಾ ಮುಟ್ಟುವವರೆಗೆ ಅದು ಹರಡುವುದು ತೀರಾ ಅಪರೂಪ.

ರಿಪೋರ್ಟ್ ಓದುವಾಗ ಇನ್ನೊಂದು ನೆನಪಿರಲಿ. ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ತಳಪೊರೆ ಸ್ಪಷ್ಟವಾಗಿ ಕಾಣುವುದಿಲ್ಲ. ಕೋಶಗಳ ಗುಂಪಿನ ಅಂಚು, ಸುತ್ತಲಿನ ಪ್ರತಿಕ್ರಿಯೆ ನೋಡಿ ಪೆಥಾಲಜಿಸ್ಟ್ ಅಂದಾಜಿಸಬೇಕು. ಸ್ತನದ ನಾಳದಲ್ಲಾದರೆ ತಳಪೊರೆಯ ಪಕ್ಕದ ಮಯೋಎಪಿಥೀಲಿಯಲ್ ಕೋಶಗಳು ಉಳಿದಿವೆಯೇ ಅಂತ ಪಿ63ಯಂಥ ವಿಶೇಷ ಪರೀಕ್ಷೆ ಮಾಡಿ ನೋಡುತ್ತಾರೆ; ಉಳಿದಿದ್ದರೆ ಸಾಮಾನ್ಯವಾಗಿ ಇನ್ ಸಿಟು ಅಂತ ಅರ್ಥ. ಅದೂ ಅಲ್ಲದೆ, ಸೂಜಿಯಲ್ಲಿ ತೆಗೆದ ತುಣುಕು ಗಡ್ಡೆಯ ಒಂದು ಮೂಲೆ ಮಾತ್ರ. ಅಲ್ಲಿ ತಳಪೊರೆ ಸರಿಯಾಗಿದ್ದು ಪಕ್ಕದಲ್ಲಿ ಒಡೆದಿರಬಹುದು. ಬಯಾಪ್ಸಿಯಲ್ಲಿ ಇನ್ ಸಿಟು ಅಂತ ಬಂದದ್ದು ಆಪರೇಷನ್ ಆದ ಮೇಲಿನ ರಿಪೋರ್ಟಿನಲ್ಲಿ ಇನ್ವೇಸಿವ್ ಆಗುವುದು ಹೀಗೆ. ಇದು ಲ್ಯಾಬಿನ ತಪ್ಪು ಅಂತಲ್ಲ. ಇಡೀ ಗಡ್ಡೆಯನ್ನು ನೋಡಿದ ಮೇಲೆ ಬರುವ ರಿಪೋರ್ಟೇ ಕೊನೆಯದು.