‘ಸೋಲ್ ಹ್ಯಾಕರ್ಸ್’: ವಿಮರ್ಶಕರನ್ನು ನಂಬೋದಾ, ಅಭಿಮಾನಿಗಳನ್ನಾ?

ಪ್ರಶ್ನೆ: ‘ಸೋಲ್ ಹ್ಯಾಕರ್ಸ್’ ಅದ್ಭುತ ಸೈಬರ್‌ಪಂಕ್ (ಕಂಪ್ಯೂಟರ್, ಹ್ಯಾಕರ್‌ಗಳ ಕರಾಳ ಭವಿಷ್ಯದ ಕಥೆಯ) ವಿಡಿಯೊ ಗೇಮ್ ಅಂತ ಹಳಬರು ಹೇಳುತ್ತಾರೆ. ಆದರೆ ವಿಮರ್ಶೆಗಳಲ್ಲಿ ಅಂಥ ಉತ್ಸಾಹ ಕಾಣಲ್ಲ. ಯಾಕೆ?

ಮೊದಲು ಇಸವಿ ನೋಡಿ. ಜಪಾನಿನ ಅಟ್ಲಸ್ ಕಂಪನಿ ಇದನ್ನು 1997ರಲ್ಲಿ ಸೆಗಾ ಸ್ಯಾಟರ್ನ್ ಅನ್ನೋ ಗೇಮ್ ಯಂತ್ರಕ್ಕೆ ತಂದಿತ್ತು. ಇಂಗ್ಲಿಷಿನಲ್ಲಿ ಬಂದದ್ದು 2013ರಲ್ಲಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಯಂತ್ರಕ್ಕೆ. ಅದೇ ವರ್ಷ ಅದೇ ಕಂಪನಿಯ ಹೊಚ್ಚಹೊಸ ಗೇಮ್ ‘ಶಿನ್ ಮೆಗಾಮಿ ಟೆನ್ಸೆ 4’ ಕೂಡ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದರ ಪಕ್ಕದಲ್ಲಿ ಹದಿನಾರು ವರ್ಷದ ಗೇಮ್ ಹಳೇದಾಗಿ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ವಿಮರ್ಶಕರ ದೂರು ಸುಳ್ಳಲ್ಲ. ಗ್ರಾಫಿಕ್ಸ್ ಹಳೇದು. ಡಂಜನ್‌ಗಳಲ್ಲಿ (ಶತ್ರುಗಳಿರುವ ಚಕ್ರವ್ಯೂಹದಂಥ ಜಾಗಗಳಲ್ಲಿ) ಎತ್ತ ತಿರುಗಿದರೂ ಒಂದೇ ಥರದ ಗೋಡೆಗಳು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮತ್ತೊಂದು ಕಾಳಗ.

ಆದರೆ ಕಥೆ ಮತ್ತು ವಾತಾವರಣವನ್ನು ಅವರಲ್ಲೇ ಬಹಳ ಜನ ಮೆಚ್ಚಿದರು. ಅಮಾಮಿ ಅನ್ನೋ ಊರಿನಲ್ಲಿ ಪ್ರತಿ ಮನೆಗೂ ನೆಟ್‌ವರ್ಕ್ ಬಂದಿದೆ. ‘ಪ್ಯಾರಡೈಮ್ ಎಕ್ಸ್’ ಎಂಬ ಕಂಪ್ಯೂಟರ್ ಲೋಕಕ್ಕೆ ಜನ ಮುಗಿಬೀಳುತ್ತಾರೆ, ಅಲ್ಲಿ ಅವರ ಆತ್ಮಕ್ಕೇ ಕನ್ನ ಬೀಳುತ್ತದೆ. ಇದನ್ನು ತಡೆಯಲು ಹೊರಡೋದು ‘ಸ್ಪೂಕೀಸ್’ ಅನ್ನೋ ಹ್ಯಾಕರ್ ಹುಡುಗರ ಗುಂಪು. ಮನೆಮನೆಗೆ ಇಂಟರ್ನೆಟ್ ಇನ್ನೂ ಬರುತ್ತಿದ್ದ ಕಾಲದಲ್ಲಿ ಬರೆದ ಕಥೆ ಇದು. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನನ್ನ ಪ್ರಕಾರ ಗೇಮಿನ ಜೀವ ಇರೋದು ದೆವ್ವಗಳಲ್ಲಿ. ನಮ್ಮ ಪರವಾಗಿ ಕಾದಾಡಲು ಬಂದೂಕಿನ ಆಕಾರದ ಕಂಪ್ಯೂಟರಿನಿಂದ ಅವುಗಳನ್ನು ಕರೆಸಬೇಕು. ಕರೆಸಿದ ಮಾತ್ರಕ್ಕೆ ಹೇಳಿದ್ದು ಕೇಳುತ್ತವೆ ಅಂದುಕೊಳ್ಳಬೇಡಿ! ಒರಟು ಸ್ವಭಾವದ ದೆವ್ವಕ್ಕೆ ನುಗ್ಗಿ ಹೊಡೆಯೋದೇ ಇಷ್ಟ. ಮೃದು ಸ್ವಭಾವದ್ದಕ್ಕೆ ಜೊತೆಗಾರರ ಗಾಯ ವಾಸಿ ಮಾಡೋದು ಇಷ್ಟ. ದೆವ್ವದ ಸ್ವಭಾವಕ್ಕೆ ಒಗ್ಗದ ಆಜ್ಞೆ ಕೊಟ್ಟರೆ ಕೇಳದೇ ಇರಬಹುದು. ಉಡುಗೊರೆ ಕೊಟ್ಟು, ಮನಸ್ಸು ಅರಿತು ಒಲಿಸಿಕೊಳ್ಳಬೇಕು. ಇದಕ್ಕೆಲ್ಲ ಸಮಯ ಬೇಕು. ಗಡುವಿನೊಳಗೆ ಆಡಿ ಮುಗಿಸಬೇಕಾದ ವಿಮರ್ಶಕರಿಗೆ ಇದು ಕಿರಿಕಿರಿ ಅನ್ನಿಸಿದರೆ ತಪ್ಪೇನಿಲ್ಲ. ನಿಧಾನಕ್ಕೆ ಆಡುವವರಿಗೆ ಇದೇ ಸುಖ.

2022ರಲ್ಲಿ ‘ಸೋಲ್ ಹ್ಯಾಕರ್ಸ್ 2’ ಬಂತು. ನೋಡೋಕೆ ಚೆಂದ. ಆದರೆ ಅಲ್ಲೂ ಜಾಸ್ತಿ ಬೈಸಿಕೊಂಡದ್ದು ಡಂಜನ್‌ಗಳೇ.

ಆಡೋ ಆಸೆ ಇದ್ದರೆ ಒಂದು ವಿಷಯ: 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಈಗ ಯಂತ್ರಕ್ಕೆ ಸಿಕ್ಕಿಸುವ ಗೇಮ್ ಕಾರ್ಟ್ರಿಜ್ಜನ್ನೇ ಹುಡುಕಬೇಕು. ಸಿಕ್ಕಿದರೆ, ಇಡೀ ಮ್ಯಾಪ್ ತೋರಿಸುವ ಆಯ್ಕೆಯನ್ನು ಶುರುವಿನಲ್ಲೇ ಆನ್ ಮಾಡಿಕೊಳ್ಳಿ. ಗೋಡೆಗಳ ಕಾಟ ಅರ್ಧ ಕಡಿಮೆಯಾಗುತ್ತದೆ.